ಸಾಫ್ಟ್‌ವೇರ್ ಆಫೀಸಿನಲ್ಲಿ, ಕೆಲಸ ಲ್ಯಾಪ್‌ಟಾಪಿನಲ್ಲಿ

ನಾನು ದಿನವೂ ಬಳಸುವ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ನಮ್ಮ ಆಫೀಸಿನ ಒಂದೇ ಒಂದು ಡೆಸ್ಕ್‌ಟಾಪಿನಲ್ಲಿದೆ. ಅದರ ಲೈಸೆನ್ಸ್ ಒಂದು ಯುಎಸ್‌ಬಿ ಡಾಂಗಲ್‌ನಲ್ಲಿದೆ (ಪೆನ್‌ಡ್ರೈವ್ ಥರದ ಚಿಕ್ಕ ಸಾಧನ). ಡಾಂಗಲ್ ಚುಚ್ಚಿದ ಕಂಪ್ಯೂಟರಿನಲ್ಲಿ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ. ಫೈಲುಗಳು ದೊಡ್ಡವು. ಲೆಕ್ಕ ಹಾಕಲು ಜೋರಾದ ಪ್ರೊಸೆಸರ್, ಜಾಸ್ತಿ ಮೆಮೊರಿ ಬೇಕು. ಆಫೀಸಿನ ಯಂತ್ರದಲ್ಲಿ 64 ಜಿಬಿ ಇದೆ, ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ. ಹೀಗಾಗಿ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ತರುವ ಯೋಚನೆಯನ್ನು ಮೊದಲೇ ಬಿಟ್ಟೆ. ಸಾಫ್ಟ್‌ವೇರ್ ಅಲ್ಲೇ ಓಡಲಿ, ಅದರ ತೆರೆ ಮಾತ್ರ ನನ್ನ ಮುಂದೆ ಬರಲಿ ಎಂದುಕೊಂಡೆ.

ಈಗ ಆ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ. ಅಲ್ಲಿಗೆ ಮುಟ್ಟುವ ದಾರಿಯಲ್ಲಿ ನನಗೆ ಒಂದು ವಿಷಯ ಗಟ್ಟಿಯಾಗಿ ಗೊತ್ತಾಯಿತು. ಲ್ಯಾಪ್‌ಟಾಪಿನಲ್ಲಿ ಮಾಡಬೇಕಾದ್ದು ತುಂಬಾ ಕಡಿಮೆ. ನಿಜವಾದ ಕೆಲಸ ಇರುವುದು ಆಫೀಸಿನ ಕಂಪ್ಯೂಟರಿನಲ್ಲಿ. ಹತ್ತಿರ ಯಾರೂ ಇಲ್ಲದಾಗಲೂ ಅದು ಎಚ್ಚರ ಇರಬೇಕು, ಕರೆದರೆ ಸಿಗಬೇಕು, ಬೇರೆ ಯಾರಿಗೂ ಸಿಗಬಾರದು. ಈ ಮೂರಕ್ಕೂ ಆಫೀಸಿನಲ್ಲಿ ಕೂತಿರುವಾಗಲೇ ಏರ್ಪಾಡು ಮಾಡಬೇಕು.

ಮೊದಲು ಅನುಮತಿ. ಆಫೀಸಿನ ಕಂಪ್ಯೂಟರಿಗೆ ಹೊರಗಿನಿಂದ ದಾರಿ ಮಾಡುವುದು ನನ್ನೊಬ್ಬಳ ವಿಷಯ ಅಲ್ಲ. ಅದೇ ನೆಟ್‌ವರ್ಕಿನಲ್ಲಿ ಎಲ್ಲರ ಫೈಲೂ ಇದೆ. ನಮ್ಮ ಮ್ಯಾನೇಜರ್ ಕೇಳಿದ ಪ್ರಶ್ನೆ ಒಂದೇ. "ನಕ್ಷೆಗಳು ನಿಮ್ಮ ಲ್ಯಾಪ್‌ಟಾಪಿಗೆ ಹೋಗಿ ಕೂರುತ್ತವಾ?" ಒಳ್ಳೆಯ ಪ್ರಶ್ನೆ ಅದು. ಹೋಗುವುದಿಲ್ಲ. ನಾನು ಒತ್ತುವ ಕೀ, ಮೌಸ್ ಚಲನೆ ಇಲ್ಲಿಂದ ಹೋಗುತ್ತವೆ. ತೆರೆಯಲ್ಲಿ ಬದಲಾದ ಭಾಗದ ಚಿತ್ರ ಅಲ್ಲಿಂದ ಬರುತ್ತದೆ. ಫೈಲು ತೆರೆಯುವುದು, ಉಳಿಯುವುದು ಎಲ್ಲಾ ಆಫೀಸಿನ ಡಿಸ್ಕಿನಲ್ಲೇ. ಲ್ಯಾಪ್‌ಟಾಪಿನ ಡ್ರೈವನ್ನು ಜೋಡಿಸುವ ಆಯ್ಕೆಯೂ ಇದೆ, ಅದನ್ನು ಆಫ್ ಇಡುತ್ತೇನೆ ಎಂದು ಹೇಳಿದ ಮೇಲೆ ಒಪ್ಪಿದರು.

ಆಮೇಲೆ ಯಾವ ದಾರಿ ಎಂಬ ಪ್ರಶ್ನೆ. ಎನಿಡೆಸ್ಕ್, ಟೀಮ್‌ವ್ಯೂವರ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಥರದ ಆ್ಯಪ್‌ಗಳಿವೆ. ಇವುಗಳಲ್ಲಿ ಎರಡೂ ಕಡೆಯ ಕಂಪ್ಯೂಟರುಗಳು ತಾವೇ ಹೊರಗಿನ ಒಂದು ಸರ್ವರನ್ನು ಸಂಪರ್ಕಿಸುತ್ತವೆ, ಆ ಸರ್ವರ್ ಇಬ್ಬರನ್ನೂ ಜೋಡಿಸುತ್ತದೆ. ರೂಟರಿನಲ್ಲಿ ಏನೂ ಬದಲಿಸಬೇಕಾಗಿಲ್ಲ. ಹಾಕಿ ಐದು ನಿಮಿಷಕ್ಕೆ ಕೆಲಸ ಶುರು ಮಾಡಬಹುದು. ದೂರದಲ್ಲಿರುವ ಯಾರಿಗಾದರೂ ಒಮ್ಮೆ ಸಹಾಯ ಮಾಡಲು ಇವು ಬಹಳ ಒಳ್ಳೆಯವು. ಆದರೆ ಎನಿಡೆಸ್ಕ್, ಟೀಮ್‌ವ್ಯೂವರ್ ಉಚಿತವಾಗಿರುವುದು ಸ್ವಂತ ಬಳಕೆಗೆ ಮಾತ್ರ, ಆಫೀಸಿನ ಕೆಲಸಕ್ಕೆ ಹಣ ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. (ಇಲ್ಲೊಂದು ಮಾತು ಹೇಳಲೇಬೇಕು. ಗೊತ್ತಿಲ್ಲದವರು ಫೋನ್ ಮಾಡಿ ಇಂಥ ಆ್ಯಪ್ ಹಾಕಿಕೊಳ್ಳಿ, ನಂಬರ್ ಹೇಳಿ ಎಂದರೆ ಫೋನ್ ಇಟ್ಟುಬಿಡಿ. ಆ ನಂಬರ್ ಕೊಟ್ಟರೆ ಇಡೀ ಕಂಪ್ಯೂಟರ್ ಅವರ ಕೈಗೆ ಹೋಗಬಹುದು.)

ನಾನು ಆರಿಸಿಕೊಂಡದ್ದು ವಿಂಡೋಸ್‌ನಲ್ಲೇ ಇರುವ ರಿಮೋಟ್ ಡೆಸ್ಕ್‌ಟಾಪ್. ದಿನಕ್ಕೆ ಗಂಟೆಗಟ್ಟಲೆ ಕೂತು ಕೆಲಸ ಮಾಡುವವರಿಗೆ ಇದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಆಫೀಸಿನ ಮಾನಿಟರ್ ಎಷ್ಟು ದೊಡ್ಡದಿದ್ದರೂ, ನನ್ನ ಲ್ಯಾಪ್‌ಟಾಪಿನ ತೆರೆ ಎಷ್ಟಿದೆಯೋ ಅಷ್ಟಕ್ಕೆ ಸರಿಯಾಗಿ ಡೆಸ್ಕ್‌ಟಾಪ್ ಮೂಡುತ್ತದೆ. ಅಕ್ಷರಗಳು ಮಸುಕಾಗುವುದಿಲ್ಲ. ಎರಡು ಮಾನಿಟರ್ ಇದ್ದರೆ ಎರಡನ್ನೂ ಬಳಸಬಹುದು. ಒಂದು ಷರತ್ತಿದೆ. ಯಾವ ಕಂಪ್ಯೂಟರಿಗೆ ಹೋಗಬೇಕೋ ಅದರಲ್ಲಿ ವಿಂಡೋಸ್‌ನ ಪ್ರೊ, ಎಂಟರ್‌ಪ್ರೈಸ್ ಅಥವಾ ಎಜುಕೇಶನ್ ಆವೃತ್ತಿ ಇರಬೇಕು. ಹೋಮ್ ಆವೃತ್ತಿ ಬೇರೆ ಕಂಪ್ಯೂಟರಿಗೆ ಹೋಗಬಲ್ಲದು, ತನ್ನೊಳಗೆ ಬರಲು ಬಿಡುವುದಿಲ್ಲ. ನಮ್ಮ ಆಫೀಸಿನಲ್ಲಿ ಪ್ರೊ ಇತ್ತು. ಲ್ಯಾಪ್‌ಟಾಪಿನಲ್ಲಿ ಹೋಮ್ ಇದ್ದರೂ ನಡೆಯಿತು.

ಇನ್ನು ಅತಿ ಮುಖ್ಯವಾದ ವಿಷಯ. ರಿಮೋಟ್ ಡೆಸ್ಕ್‌ಟಾಪ್ 3389 ಎಂಬ ಪೋರ್ಟಿನಲ್ಲಿ, ಅಂದರೆ ಕಂಪ್ಯೂಟರಿನ ಆ ನಂಬರಿನ ಬಾಗಿಲಿನಲ್ಲಿ, ಕಾಯುತ್ತಿರುತ್ತದೆ. ರೂಟರಿನಲ್ಲಿ ಆ ಪೋರ್ಟನ್ನು ಹೊರಗಿನವರಿಗೆ ತೆರೆದುಬಿಡಿ, ಮುಗಿಯಿತು ಎನ್ನುವವರು ತುಂಬಾ ಜನ ಸಿಗುತ್ತಾರೆ. ನಮ್ಮ ನೆಟ್‌ವರ್ಕ್ ನೋಡಿಕೊಳ್ಳುವವರು ಮೊದಲ ಮಾತಿಗೇ ಕಡ್ಡಿ ಮುರಿದಂತೆ ಹೇಳಿದರು. "ಮೇಡಂ, ಬೇರೆ ಏನು ಬೇಕಾದರೂ ಮಾಡಿಕೊಡ್ತೀನಿ. ಅದೊಂದು ಮಾತ್ರ ಬೇಡ."

ಅವರ ಮಾತು ಪೂರ್ತಿ ಸರಿ. ಇಂಟರ್‌ನೆಟ್ಟಿನ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡುವ ಪ್ರೋಗ್ರಾಮುಗಳು ಹಗಲು ರಾತ್ರಿ ಓಡುತ್ತಲೇ ಇರುತ್ತವೆ. ತೆರೆದ ಪೋರ್ಟ್ ಕಂಡರೆ ಸಾಕು, ಪಾಸ್‌ವರ್ಡ್ ಊಹಿಸಲು ಶುರು ಮಾಡುತ್ತವೆ. ಪೋರ್ಟ್ ನಂಬರ್ ಬದಲಿಸಿದರೂ ಹುಡುಕಿಕೊಳ್ಳುತ್ತವೆ. ಇದಕ್ಕಿಂತ ಕೆಟ್ಟದ್ದೂ ಆಗಿದೆ. 2019ರಲ್ಲಿ ಬ್ಲೂಕೀಪ್ ಎಂಬ ದೋಷ ಬೆಳಕಿಗೆ ಬಂತು. ಹಳೆಯ ವಿಂಡೋಸ್ ಆವೃತ್ತಿಗಳಲ್ಲಿ ಪಾಸ್‌ವರ್ಡೇ ಇಲ್ಲದೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ನುಗ್ಗಲು ಅದು ದಾರಿ ಕೊಡುತ್ತಿತ್ತು. ಅದು ಎಷ್ಟು ಗಂಭೀರವಾಗಿತ್ತೆಂದರೆ, 2014ರಲ್ಲೇ ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ದುರಸ್ತಿ ಬಿಡುಗಡೆ ಮಾಡಿತು. ನನ್ನ ಅನುಕೂಲಕ್ಕೋಸ್ಕರ ಇಡೀ ಆಫೀಸಿನ ಫೈಲುಗಳನ್ನು ಅಂಥ ಅಪಾಯಕ್ಕೆ ಒಡ್ಡುವುದು ನ್ಯಾಯ ಅಲ್ಲ, ಅಲ್ವಾ?

ಅದಕ್ಕೇ ವಿಪಿಎನ್, ಅಂದರೆ ಇಂಟರ್‌ನೆಟ್ಟಿನ ಮೂಲಕ ಆಫೀಸಿನ ನೆಟ್‌ವರ್ಕಿಗೆ ಹೋಗುವ ಗುಪ್ತ ದಾರಿ. ಮೊದಲು ಲ್ಯಾಪ್‌ಟಾಪ್ ಆಫೀಸಿನ ನೆಟ್‌ವರ್ಕಿನ ಒಳಗೆ ಬರಬೇಕು, ಆಮೇಲೆ ಒಳಗಿನಿಂದಲೇ ರಿಮೋಟ್ ಡೆಸ್ಕ್‌ಟಾಪ್. ನಮ್ಮ ರೂಟರಿನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಇತ್ತು, ಅದನ್ನೇ ಬಳಸಿದೆವು. ಇದರಲ್ಲಿ ಹೆಸರು, ಪಾಸ್‌ವರ್ಡ್ ಇಲ್ಲ. ಪ್ರತಿ ಸಾಧನಕ್ಕೂ ಒಂದು ಜೊತೆ ಕೀಲಿ ಇರುತ್ತದೆ. ಒಂದನ್ನು ಗುಟ್ಟಾಗಿ ಇಟ್ಟುಕೊಂಡು ಇನ್ನೊಂದನ್ನು ರೂಟರಿಗೆ ಕೊಡಬೇಕು. ನನಗೆ ಇದರಲ್ಲಿ ಇಷ್ಟವಾದದ್ದು ಅದರ ಮೌನ. ಗೊತ್ತಿಲ್ಲದ ಕೀಲಿಯಿಂದ ಯಾರಾದರೂ ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ತಟ್ಟಿದವರಿಗೆ ಅಲ್ಲೊಂದು ಬಾಗಿಲಿದೆ ಎಂದೇ ತಿಳಿಯುವುದಿಲ್ಲ.

ಹೊಂದಿಸುವಾಗ ಎರಡು ತೊಡಕು ಎದುರಾದವು. ಮೊದಲನೆಯದು ಆಫೀಸಿನ ಹೊರಗಿನ ವಿಳಾಸ. ಕೆಲವು ಇಂಟರ್‌ನೆಟ್ ಸಂಪರ್ಕಗಳಲ್ಲಿ ಗ್ರಾಹಕರಿಗೆ ಸ್ವಂತ ವಿಳಾಸ ಇರುವುದಿಲ್ಲ, ತುಂಬಾ ಜನ ಸೇರಿ ಒಂದೇ ವಿಳಾಸ ಹಂಚಿಕೊಂಡಿರುತ್ತಾರೆ. ಆಗ ಹೊರಗಿನಿಂದ ಬರುವ ಕರೆ ನಮ್ಮ ರೂಟರನ್ನು ಮುಟ್ಟುವುದೇ ಇಲ್ಲ. ರೂಟರಿನ ಪುಟದಲ್ಲಿ ಕಾಣುವ ವಿಳಾಸವೂ, ನಿಮ್ಮ ಐಪಿ ಯಾವುದು ಎಂದು ಹೇಳುವ ತಾಣಗಳು ತೋರಿಸುವ ವಿಳಾಸವೂ ಬೇರೆ ಬೇರೆ ಇದ್ದರೆ ಅದೇ ಕಾರಣ ಎಂದು ಹೆಚ್ಚುಕಡಿಮೆ ಹೇಳಬಹುದು. ರೂಟರಿನ ಪುಟದ ವಿಳಾಸ 100.64ರಿಂದ 100.127ರವರೆಗಿನ ಅಂಕಿಗಳಿಂದ ಶುರುವಾದರಂತೂ ಖಂಡಿತ. ನಮ್ಮದು ಹಾಗೇ ಇತ್ತು. ಸ್ಥಿರವಾದ ಸ್ವಂತ ಐಪಿ ಬೇಕೆಂದು ಅರ್ಜಿ ಕೊಟ್ಟು ಪಡೆದೆವು.

ಎರಡನೆಯದು ಹೆಚ್ಚು ತಲೆ ತಿಂದಿತು. ವಿಪಿಎನ್ ಜೋಡಿಯಾಗಿದೆ ಎಂದು ತೋರಿಸುತ್ತದೆ, ಆಫೀಸಿನ ಕಂಪ್ಯೂಟರ್ ಮಾತ್ರ ಸಿಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟಿನಿಂದ ಹೋದರೆ ಸಿಗುತ್ತದೆ, ಮನೆಯ ವೈಫೈಯಿಂದ ಇಲ್ಲ. ಕಾರಣ ಸರಳ. ಮನೆಯ ರೂಟರೂ 192.168.1 ಎಂದು ಶುರುವಾಗುವ ವಿಳಾಸ ಕೊಡುತ್ತಿತ್ತು, ಆಫೀಸಿನ ರೂಟರೂ ಅದನ್ನೇ ಕೊಡುತ್ತಿತ್ತು. 192.168.1.50 ಬೇಕು ಎಂದರೆ ಲ್ಯಾಪ್‌ಟಾಪ್ ಅದನ್ನು ಮನೆಯಲ್ಲೇ ಹುಡುಕುತ್ತಿತ್ತು. ಅಂಗಡಿಯಿಂದ ತಂದ ಅನೇಕ ರೂಟರುಗಳಲ್ಲಿ ಇದೇ ಅಂಕಿ ಮೊದಲೇ ಇರುವುದರಿಂದ ಮನೆಯದನ್ನು ಮಾತ್ರ ಬದಲಿಸಿದರೆ ಸಾಲದು. ನಾಳೆ ಇನ್ನೊಂದು ಕಡೆ ಕೂತಾಗ ಮತ್ತೆ ಅದೇ ಗೋಳು. ಹಾಗಾಗಿ ಆಫೀಸಿನ ನೆಟ್‌ವರ್ಕನ್ನೇ 10.37.5 ಎಂಬ, ಸುಲಭಕ್ಕೆ ಬೇರೆಲ್ಲೂ ಸಿಗದ ಸಾಲಿಗೆ ಬದಲಿಸಿದೆವು. ಪ್ರಿಂಟರುಗಳ ವಿಳಾಸ ಮತ್ತೆ ಕೊಡಬೇಕಾಯಿತು. ಸ್ವಲ್ಪ ಓಡಾಟ ಆಯಿತು, ಆದರೆ ಮಾಡಿದ್ದು ಒಳ್ಳೆಯದೇ ಆಯಿತು. ಜೊತೆಗೆ, ಆಫೀಸಿನ ಸಾಲಿನ ವಿಳಾಸಗಳಿಗೆ ಮಾತ್ರ ವಿಪಿಎನ್, ಉಳಿದದ್ದೆಲ್ಲ ನೇರ ಇಂಟರ್‌ನೆಟ್ಟಿಗೆ ಎಂದು ಹೊಂದಿಸಿದೆವು. ಇಲ್ಲದಿದ್ದರೆ ನಾನು ನೋಡುವ ಪ್ರತಿ ವೀಡಿಯೋ ಕೂಡ ಆಫೀಸನ್ನು ಸುತ್ತಿ ಬರುತ್ತಿತ್ತು.

ಆಫೀಸಿನ ಕಂಪ್ಯೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡುವುದು ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಡೆಸ್ಕ್‌ಟಾಪ್, ಅಷ್ಟೇ. ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಎಂಬುದು ಆನ್ ಆಗಿರುತ್ತದೆ, ಅದನ್ನು ಹಾಗೇ ಬಿಡಬೇಕು. ಪಾಸ್‌ವರ್ಡ್ ಸರಿ ಇದೆ ಎಂದು ಖಚಿತವಾಗುವವರೆಗೆ ಡೆಸ್ಕ್‌ಟಾಪನ್ನೇ ತೋರಿಸದಂತೆ ಅದು ತಡೆಯುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತು ಒತ್ತುವ ನಾಲ್ಕಂಕಿಯ ಪಿನ್ ದೂರದಿಂದ ನಡೆಯುವುದಿಲ್ಲ, ಖಾತೆಯ ಪೂರ್ತಿ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಲ್ಲದ ಖಾತೆಗೆ ವಿಂಡೋಸ್ ದೂರದಿಂದ ಬರಲು ಬಿಡುವುದಿಲ್ಲ. ಪಿನ್ ಬಳಸಿ ಬಳಸಿ ಪಾಸ್‌ವರ್ಡ್ ಮರೆತವರು ಹೊರಡುವ ಮೊದಲು ಅದನ್ನು ಒಮ್ಮೆ ಒತ್ತಿ ನೋಡುವುದು ಒಳ್ಳೆಯದು. ನಾನು ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆಯೊಂದನ್ನು ಮಾಡಿಸಿಕೊಂಡು, ಅದಕ್ಕೆ ಮಾತ್ರ ರಿಮೋಟ್ ಅನುಮತಿ ಕೊಡಿಸಿದೆ. ಕಂಪ್ಯೂಟರಿನ ಒಳಗಿನ ವಿಳಾಸ ಬದಲಾಗದಂತೆ ರೂಟರಿನಲ್ಲಿ ಅದರ ಹೆಸರಿಗೆ ಕಾಯ್ದಿರಿಸಿದೆವು.

ಮೊದಲ ಪರೀಕ್ಷೆಯನ್ನು ಆಫೀಸಿನಲ್ಲೇ ಮಾಡಿದೆ. ಲ್ಯಾಪ್‌ಟಾಪನ್ನು ಆಫೀಸಿನ ವೈಫೈಗೆ ಸೇರಿಸದೆ ಮೊಬೈಲ್ ಹಾಟ್‌ಸ್ಪಾಟಿಗೆ ಹಾಕಿದರೆ ಅದು ಹೊರಗಿನಿಂದ ಬಂದಂತೆಯೇ. ಏನಾದರೂ ಕೈಕೊಟ್ಟರೆ ಪಕ್ಕದಲ್ಲೇ ಇನ್ನೊಂದು ಕಂಪ್ಯೂಟರ್ ಇದೆ. ಇದನ್ನು ಯಾರೂ ಬಿಡಬಾರದು ಎಂದು ಒತ್ತಿ ಹೇಳುತ್ತೇನೆ. ಮೊದಲ ಸಲ ಹೋದಾಗ, ಈ ಕಂಪ್ಯೂಟರಿನ ಗುರುತು ಖಚಿತಪಡಿಸಲು ಆಗುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಆಫೀಸಿನ ಯಂತ್ರ ತನ್ನ ಗುರುತಿನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುವುದೇ ಇದಕ್ಕೆ ಕಾರಣ. ಎರಡೂ ಪಕ್ಕಪಕ್ಕದಲ್ಲಿ ಇದ್ದದ್ದರಿಂದ ಪ್ರಮಾಣಪತ್ರದ ಉದ್ದನೆಯ ಸಂಖ್ಯೆಯನ್ನು ಹೋಲಿಸಿ ನೋಡಿ, ಆಮೇಲೆ ಒಪ್ಪಿಗೆ ಕೊಟ್ಟೆ.

ಒಳಗೆ ಹೋದ ಕೂಡಲೇ ಆಫೀಸಿನ ಮಾನಿಟರಿನಲ್ಲಿ ಲಾಕ್ ತೆರೆ ಬಂತು. ಇದು ಒಳ್ಳೆಯ ಗುಣ. ನಾನು ಮನೆಯಲ್ಲಿ ಮಾಡುವ ಕೆಲಸ ಅಲ್ಲಿ ಓಡಾಡುವವರಿಗೆ ಕಾಣುವುದಿಲ್ಲ. ಆದರೆ ಒಂದು ಸಲಕ್ಕೆ ಒಬ್ಬರೇ. ಬೇರೆಯವರು ಆ ಕಂಪ್ಯೂಟರ್ ಮುಂದೆ ಕೂತರೆ ನಾನು ಹೊರಗೆ.

ಇನ್ನು ಎಚ್ಚರವಾಗಿ ಇಡುವ ವಿಷಯ. ಪವರ್ ಸೆಟ್ಟಿಂಗಿನಲ್ಲಿ ಕಂಪ್ಯೂಟರ್ ನಿದ್ದೆಗೆ ಹೋಗದಂತೆ ಮಾಡಿದೆ, ಮಾನಿಟರ್ ಮಾತ್ರ ಆಫ್ ಆಗಲಿ ಎಂದು ಬಿಟ್ಟೆ. ಅಷ್ಟು ಸಾಲುವುದಿಲ್ಲ. ಕರೆಂಟು ಹೋಗಿ ಬಂದರೆ? ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಕಂಪ್ಯೂಟರಿನ ಮೂಲ ಸೆಟ್ಟಿಂಗು), ಕರೆಂಟು ಬಂದಾಗ ತಾನೇ ಆನ್ ಆಗಬೇಕು ಎಂಬ ಆಯ್ಕೆ ಇರುತ್ತದೆ, ಅದನ್ನು ಹಾಕಿದೆವು. ಯಾರಾದರೂ ಅಭ್ಯಾಸಬಲದಿಂದ ಸಂಜೆ ಶಟ್‌ಡೌನ್ ಮಾಡಿದರೆ? ಅದಕ್ಕೆ ವೇಕ್ ಆನ್ ಲ್ಯಾನ್. ಕಂಪ್ಯೂಟರ್ ಆಫ್ ಆಗಿದ್ದರೂ ಅದರ ನೆಟ್‌ವರ್ಕ್ ಕಾರ್ಡ್ ಚೂರು ವಿದ್ಯುತ್ ತೆಗೆದುಕೊಂಡು ಒಂದು ವಿಶೇಷ ಸಂದೇಶಕ್ಕೆ ಕಾಯುತ್ತಿರುತ್ತದೆ. ಆ ಸಂದೇಶದ ರಚನೆ ಚೆಂದ. 255 ಎಂಬ ಬೆಲೆಯ 6 ಬೈಟ್, ಆಮೇಲೆ ಆ ಕಾರ್ಡಿನ ಮ್ಯಾಕ್ ವಿಳಾಸ (6 ಬೈಟಿನ ಗುರುತಿನ ಸಂಖ್ಯೆ) 16 ಸಲ. ಒಟ್ಟು 102 ಬೈಟ್. ಇದು ತನ್ನದೇ ವಿಳಾಸ ಎಂದು ಕಂಡರೆ ಯಂತ್ರ ಏಳುತ್ತದೆ. ಈ ಸಂದೇಶ ಆಫೀಸಿನ ಒಳಗಿನಿಂದಲೇ ಹೊರಡಬೇಕು. ರೂಟರಿನ ಪುಟದಲ್ಲೇ ಅದಕ್ಕೊಂದು ಬಟನ್ ಇತ್ತು. ವಿಪಿಎನ್ ಹಾಕಿ, ಆ ಪುಟ ತೆರೆದು, ಬಟನ್ ಒತ್ತಿದರೆ ಆಯಿತು. ಬಯೋಸ್‌ನಲ್ಲಿ ಇದನ್ನು ಆನ್ ಮಾಡಿ, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದ ಮೇಲೆ ಪ್ರತಿ ಸಲವೂ ಎದ್ದಿತು. ಗೋಡೆಯ ಸ್ವಿಚ್ಚೇ ಆರಿಸಿದರೆ ಮಾತ್ರ ಏನೂ ಮಾಡಲಾಗುವುದಿಲ್ಲ. ಅದಕ್ಕೆ ಸ್ವಿಚ್ಚಿನ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದೆ.

ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದರೂ ತೊಂದರೆ ಇಲ್ಲ. ಯಾರೂ ಲಾಗಿನ್ ಆಗದಿದ್ದರೂ ರಿಮೋಟ್ ಡೆಸ್ಕ್‌ಟಾಪ್ ಸೇವೆ ತಾನೇ ಶುರುವಾಗುತ್ತದೆ. ಆದರೆ ವಿಂಡೋಸ್ ಶುರುವಾಗುವ ಮುಂಚೆಯೇ ಪಿನ್ ಕೇಳುವಂತೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ಯಂತ್ರ ಅಲ್ಲೇ ನಿಂತುಬಿಡುತ್ತದೆ. ನೀವು ದೂರದಲ್ಲಿ, ಅದು ಪಿನ್‌ಗೆ ಕಾಯುತ್ತಾ ಅಲ್ಲಿ.

ಇಷ್ಟೆಲ್ಲ ಆದ ಮೇಲೆ ನಿಜವಾದ ಪರೀಕ್ಷೆ. ಮನೆಯಿಂದ ಒಳಗೆ ಹೋದೆ, ಡೆಸ್ಕ್‌ಟಾಪ್ ಬಂತು, ವಿನ್ಯಾಸದ ಸಾಫ್ಟ್‌ವೇರ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ರಿಮೋಟ್ ಸೆಷನ್‌ನಲ್ಲಿ ಈ ಲೈಸೆನ್ಸ್ ನಡೆಯುವುದಿಲ್ಲ ಎಂಬ ಸಂದೇಶ ಬಂತು. ಡಾಂಗಲ್ ಅಲ್ಲೇ ಚುಚ್ಚಿದೆ, ಕಂಪ್ಯೂಟರ್ ಅದೇ, ಬಳಸುವವಳೂ ನಾನೇ. ನಿಜಕ್ಕೂ ಬೇಸರವಾಯಿತು.

ವಿಚಾರಿಸಿದಾಗ ತಿಳಿದದ್ದು ಇದು. ತಾನು ಓಡುತ್ತಿರುವುದು ಕಂಪ್ಯೂಟರ್ ಮುಂದೆ ಕೂತವರ ಸೆಷನ್‌ನಲ್ಲೋ, ದೂರದಿಂದ ಬಂದ ಸೆಷನ್‌ನಲ್ಲೋ ಎಂದು ಯಾವ ಸಾಫ್ಟ್‌ವೇರ್ ಬೇಕಾದರೂ ವಿಂಡೋಸನ್ನು ಕೇಳಿ ತಿಳಿಯಬಹುದು. ಒಬ್ಬರಿಗೆಂದು ಕೊಟ್ಟ ಲೈಸೆನ್ಸನ್ನು ಒಂದು ಸರ್ವರಿನಲ್ಲಿ ಹಾಕಿ ಹತ್ತು ಜನ ಬಳಸಬಾರದು ಎಂದು ಕೆಲವು ಕಂಪನಿಗಳು ಹೀಗೆ ತಡೆ ಇಡುತ್ತವೆ. ಅವರ ಭಯ ಅರ್ಥವಾಗುತ್ತದೆ. ಆದರೆ ನನ್ನಂಥ ಒಬ್ಬಂಟಿ ಬಳಕೆದಾರರಿಗೂ ಅದೇ ತಡೆ ಬೀಳುತ್ತದೆ. ಇದನ್ನು ಕೊಳ್ಳುವ ಮೊದಲೇ ಸ್ಪಷ್ಟವಾಗಿ ಹೇಳಬೇಕಾದ್ದು ಮಾರುವವರ ಕರ್ತವ್ಯ.

ದಾಟುವ ಉಪಾಯಗಳನ್ನು ಹೇಳುವವರು ಸಿಕ್ಕರು. ಆಫೀಸಿನಲ್ಲಿ ಇದ್ದಾಗಲೇ ಸಾಫ್ಟ್‌ವೇರ್ ತೆರೆದಿಟ್ಟು ಬಂದು, ಆಮೇಲೆ ದೂರದಿಂದ ಅದೇ ಸೆಷನ್ ಹಿಡಿದರೆ ಕೆಲವು ಸಾಫ್ಟ್‌ವೇರುಗಳು ಸುಮ್ನೆ ಇರುತ್ತವೆ, ಏಕೆಂದರೆ ಅವು ತೆರೆಯುವಾಗ ಮಾತ್ರ ನೋಡುತ್ತವೆ. ವಿಎನ್‌ಸಿ ಥರದ ದಾರಿಯಲ್ಲಿ ಆಫೀಸಿನ ಮಾನಿಟರಿನಲ್ಲಿ ಇರುವ ತೆರೆಯೇ ಹಾಗೇ ಬರುವುದರಿಂದ ಸಾಫ್ಟ್‌ವೇರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡೂ ತಾಂತ್ರಿಕವಾಗಿ ನಡೆಯಬಹುದು. ಆದರೆ ಲೈಸೆನ್ಸಿನ ಕರಾರು ಅದಕ್ಕೆ ಒಪ್ಪುತ್ತದೋ ಇಲ್ಲವೋ ನೋಡಬೇಕಲ್ಲ. ಆಫೀಸಿನ ಹೆಸರಿನಲ್ಲಿ ಇರುವ ಕರಾರನ್ನು ನಾನು ಮುರಿಯಲಾರೆ. ನೇರವಾಗಿ ಮಾರಿದವರಿಗೇ ಪತ್ರ ಬರೆದೆ. ನೆಟ್‌ವರ್ಕ್ ಲೈಸೆನ್ಸಿಗೆ ಬದಲಿಸಿಕೊಂಡರೆ ದೂರದ ಬಳಕೆಗೆ ಅನುಮತಿ ಇದೆ ಎಂದರು. ಆ ಪದ್ಧತಿಯಲ್ಲಿ ಆಫೀಸಿನ ಕಂಪ್ಯೂಟರಿನಲ್ಲೇ ಒಂದು ಚಿಕ್ಕ ಸೇವೆ ಓಡುತ್ತದೆ, ಡಾಂಗಲ್ ನೋಡಿಕೊಳ್ಳುವುದು ಅದು. ಸಾಫ್ಟ್‌ವೇರ್ ತೆರೆದಾಗ ಆ ಸೇವೆಯಿಂದ ಲೈಸೆನ್ಸ್ ಪಡೆಯುತ್ತದೆ, ಮುಚ್ಚಿದಾಗ ವಾಪಸ್ ಕೊಡುತ್ತದೆ. ಬದಲಿಸಲು ಸ್ವಲ್ಪ ಹಣ ಹೋಯಿತು, ಕಾಯಬೇಕಾಯಿತು. ಮ್ಯಾನೇಜರ್ ಒಪ್ಪಿದ್ದಕ್ಕೆ ನಾನು ಋಣಿ. ನೀವು ಇಂಥ ವ್ಯವಸ್ಥೆ ಮಾಡಿಕೊಳ್ಳುವುದಿದ್ದರೆ, ವಿಪಿಎನ್‌ಗೆ ಕೈ ಹಾಕುವ ಮೊದಲು ಸಾಫ್ಟ್‌ವೇರ್ ಲೈಸೆನ್ಸನ್ನು ಓದಿ.

ಬಳಸುವಾಗಿನ ಅನುಭವ ಹೇಗಿದೆ? ಬರಹ, ಅಂಕಿಅಂಶ, ಎರಡು ಆಯಾಮದ ನಕ್ಷೆ ಇವೆಲ್ಲ ಎದುರಿಗೇ ಕೂತಂತೆ ಇದೆ. ಇಲ್ಲಿ ಇಂಟರ್‌ನೆಟ್ ವೇಗಕ್ಕಿಂತ ವಿಳಂಬ ಮುಖ್ಯ. ಕೀ ಒತ್ತಿದ್ದು ಅಲ್ಲಿಗೆ ಹೋಗಿ, ಅಕ್ಷರ ಮೂಡಿದ ಚಿತ್ರ ಇಲ್ಲಿಗೆ ಬರಲು ಹಿಡಿಯುವ ಸಮಯ ಅದು. ಪಿಂಗ್ ಮಾಡಿ, ಅಂದರೆ ಒಂದು ಚಿಕ್ಕ ಸಂದೇಶ ಹೋಗಿ ಬರುವ ಸಮಯ ಅಳೆದು, ನೋಡಬಹುದು. 50 ಮಿಲಿಸೆಕೆಂಡಿನೊಳಗೆ ಇದ್ದರೆ ನನಗೆ ಗೊತ್ತೇ ಆಗುವುದಿಲ್ಲ. 150 ದಾಟಿದರೆ ಮೌಸ್ ಹಿಂದೆ ಬಿದ್ದಂತೆ ಅನಿಸುತ್ತದೆ. ಅದು ಏರಿಳಿತ ಆಗುತ್ತಿದ್ದರೆ ಇನ್ನೂ ಕಷ್ಟ. ವೈಫೈ ಬಿಟ್ಟು ರೂಟರಿಗೆ ಕೇಬಲ್ ಹಾಕಿದ ಮೇಲೆ ಆ ಏರಿಳಿತ ಬಹಳ ಕಡಿಮೆಯಾಯಿತು. ಮೂರು ಆಯಾಮದ ಮಾದರಿಯನ್ನು ತಿರುಗಿಸುವಾಗ ಮಾತ್ರ ತೆರೆ ತಡವರಿಸುತ್ತದೆ, ಏಕೆಂದರೆ ಆಗ ಇಡೀ ಚಿತ್ರವೇ ಪ್ರತಿ ಕ್ಷಣ ಬದಲಾಗುತ್ತದೆ. ಬಣ್ಣ, ನೆರಳು ತೆಗೆದು ಬರೀ ಗೆರೆಗಳಲ್ಲಿ ನೋಡಿದರೆ ಸಲೀಸು.

ಒಮ್ಮೆ ಮೊಬೈಲ್ ನೆಟ್‌ವರ್ಕಿನಿಂದ ಹೋದಾಗ ಪಾಸ್‌ವರ್ಡ್ ಒಪ್ಪಿಕೊಂಡು ಆಮೇಲೆ ಬರೀ ಕಪ್ಪು ತೆರೆ ಬಂತು. ವಿಪಿಎನ್ ಕಳಿಸುವ ಪೊಟ್ಟಣದ ಗಾತ್ರ ಆ ದಾರಿಗೆ ದೊಡ್ಡದಾಗಿತ್ತು. ಚಿಕ್ಕ ಪೊಟ್ಟಣಗಳು ದಾಟುತ್ತಿದ್ದವು, ದೊಡ್ಡವು ಕಳೆದುಹೋಗುತ್ತಿದ್ದವು. ವೈರ್‌ಗಾರ್ಡ್‌ನಲ್ಲಿ ಪೊಟ್ಟಣದ ಗರಿಷ್ಠ ಗಾತ್ರ ಹೇಳುವ ಎಂಟಿಯು ಎಂಬ ಅಂಕಿಯನ್ನು 1420ರಿಂದ 1280ಕ್ಕೆ ಇಳಿಸಿದ ಮೇಲೆ ತೆರೆ ಬಂತು.

ಕೀಬೋರ್ಡಿನ ಎರಡು ಮಾತು. ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದರೆ ಅದು ಲ್ಯಾಪ್‌ಟಾಪಿಗೇ ಸಲ್ಲುತ್ತದೆ. ಆಫೀಸಿನ ಯಂತ್ರಕ್ಕೆ ಬೇಕಾದರೆ ಡಿಲೀಟ್ ಬದಲು ಎಂಡ್ ಒತ್ತಬೇಕು. ವಿಂಡೋಸ್ ಕೀ ಜೊತೆಗಿನ ಶಾರ್ಟ್‌ಕಟ್‌ಗಳು ಪೂರ್ಣ ತೆರೆಯಲ್ಲಿ ಇದ್ದಾಗ ಮಾತ್ರ ಅಲ್ಲಿಗೆ ಹೋಗುತ್ತವೆ, ಸೆಟ್ಟಿಂಗಿನಲ್ಲಿ ಬದಲಿಸಬಹುದು. ನಕ್ಷೆಯ ಮೇಲೆ ಕನ್ನಡದಲ್ಲಿ ಟಿಪ್ಪಣಿ ಬರೆಯುವಾಗ ಇದು ನನಗೆ ಮುಖ್ಯವಾಯಿತು. ಲ್ಯಾಪ್‌ಟಾಪನ್ನು ಇಂಗ್ಲಿಷಿನಲ್ಲೇ ಬಿಟ್ಟು, ಕನ್ನಡ ಕೀಲಿಮಣೆಯನ್ನು ಆಫೀಸಿನ ವಿಂಡೋಸ್‌ನಲ್ಲಿ ಹಾಕಿ, ಅಲ್ಲೇ ಬದಲಿಸಿಕೊಳ್ಳುತ್ತೇನೆ. ಎರಡೂ ಕಡೆ ಕನ್ನಡ ಹಾಕಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗುತ್ತಿದ್ದವು.

ದಿನದ ಕೊನೆಗೆ ಸೈನ್ ಔಟ್ ಮಾಡುವುದೋ, ಡಿಸ್‌ಕನೆಕ್ಟ್ ಮಾಡುವುದೋ ಎಂದು ಯೋಚಿಸಿ ಮಾಡುತ್ತೇನೆ. ಸೈನ್ ಔಟ್ ಆದರೆ ತೆರೆದದ್ದೆಲ್ಲ ಮುಚ್ಚುತ್ತದೆ. ಡಿಸ್‌ಕನೆಕ್ಟ್ ಆದರೆ ತೆರೆ ಮಾತ್ರ ಹೋಗುತ್ತದೆ, ಸಾಫ್ಟ್‌ವೇರ್ ಓಡುತ್ತಲೇ ಇರುತ್ತದೆ. ದೊಡ್ಡ ಲೆಕ್ಕವೊಂದನ್ನು ಸಂಜೆ ಶುರು ಮಾಡಿ, ಡಿಸ್‌ಕನೆಕ್ಟ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿ ಮಲಗಬಹುದು. ಬೆಳಿಗ್ಗೆ ಮತ್ತೆ ಹೋದರೆ ಉತ್ತರ ಸಿದ್ಧವಾಗಿರುತ್ತದೆ. ನಡುವೆ ಇಂಟರ್‌ನೆಟ್ ಹೋದರೂ ಇದೇ ಆಗುವುದರಿಂದ ಕೆಲಸ ಕಳೆದುಹೋಗುವ ಭಯ ಇಲ್ಲ. ಆದರೆ ಲೈಸೆನ್ಸ್ ಬೇರೆಯವರಿಗೂ ಬೇಕಿರುವ ದಿನ ಸಾಫ್ಟ್‌ವೇರ್ ಮುಚ್ಚಿ, ಸೈನ್ ಔಟ್ ಮಾಡಿಯೇ ಹೊರಬರುತ್ತೇನೆ. ಇಲ್ಲದಿದ್ದರೆ ಲೈಸೆನ್ಸ್ ನನ್ನ ಹೆಸರಿನಲ್ಲೇ ಹಿಡಿದಿರುತ್ತದೆ.

ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ನೆನಪಿಡು ಎಂಬ ಆಯ್ಕೆಯನ್ನು ನಾನು ಬಳಸುವುದಿಲ್ಲ. ಅದರ ಡಿಸ್ಕನ್ನೂ ಎನ್‌ಕ್ರಿಪ್ಟ್ ಮಾಡಿದ್ದೇನೆ, ವಿಪಿಎನ್ ಕೀಲಿ ಅದರಲ್ಲೇ ಇರುವುದರಿಂದ. ಅದು ಕಳೆದರೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಮಾತಾಡಿಕೊಂಡಿದ್ದೇವೆ. ನಾನು ಹೊತ್ತು ನೋಡದೆ ಫೋನ್ ಮಾಡಬೇಕು, ನೆಟ್‌ವರ್ಕ್ ನೋಡಿಕೊಳ್ಳುವವರು ರೂಟರಿನಿಂದ ನನ್ನ ಕೀಲಿಯ ಒಂದು ಸಾಲು ಅಳಿಸಬೇಕು. ಮಿಕ್ಕವರ ಸಂಪರ್ಕಕ್ಕೆ ಏನೂ ಆಗುವುದಿಲ್ಲ, ಆ ಲ್ಯಾಪ್‌ಟಾಪಿಗೆ ಮಾತ್ರ ಆಫೀಸಿನ ಬಾಗಿಲು ಮುಚ್ಚುತ್ತದೆ. ಒಂದು ದಿನ ಇಬ್ಬರೂ ಕೂತು ಇದನ್ನು ನಿಜವಾಗಿಯೇ ಮಾಡಿ ನೋಡಿ, ಸಂಪರ್ಕ ತಕ್ಷಣ ಕಡಿದುಹೋದದ್ದನ್ನು ಕಂಡ ಮೇಲೆ ಹೊಸ ಕೀಲಿ ಹಾಕಿಕೊಂಡೆವು.